ಗಾಜಕ್ಕ ಕಂಡ ಮೂರನೆಯ ಮೊಟ್ಟೆ

ಸಭೆಯ ಅಧ್ಯಕ್ಷತೆ ವಹಿಸಿರುವ ಈ ಆಸ್ಪತ್ರೆಯ ಮುಖ್ಯ ವೈದ್ಯೆಯವರೇ, ನನಗಿಂತ ಮೊದಲು ಮಾತಾಡಿ ನನಗೆ ಹೇಳಲು ಏನನ್ನೂ ಉಳಿಸದ ಗಣ್ಯರೇ, ಮೂವತ್ತನಾಲ್ಕು ವರ್ಷ ಇಲ್ಲಿನ ಪ್ರಯೋಗಾಲಯದಲ್ಲಿ ದುಡಿದು ಇಂದು ನಿವೃತ್ತರಾಗುತ್ತಿರುವ, ನಾವೆಲ್ಲ ಪ್ರೀತಿಯಿಂದ ಗಾಜಕ್ಕ ಎಂದು ಕರೆಯುವ ತಂತ್ರಜ್ಞೆಯವರೇ, ಮುಂದಿನ ಸಾಲಿನ ಡಾಕ್ಟರುಗಳೇ, ನರ್ಸುಗಳೇ, ಹಿಂದಿನ ಸಾಲುಗಳಲ್ಲಿ ಕುಳಿತಿರುವ ತಾಯಂದಿರೇ, ಮತ್ತು ಬಾಗಿಲ ಬಳಿ ನಿಂತು ನಾನು ಯಾವಾಗ ಮುಗಿಸುತ್ತೇನೋ ಎಂದು ಕಾಯುತ್ತಿರುವ ಉಳಿದೆಲ್ಲ ಸಭಿಕರೇ,

ನನಗೆ ಹತ್ತು ನಿಮಿಷ ಕೊಟ್ಟಿದ್ದಾರೆ. ನಾನು ದನದ ಡಾಕ್ಟರು. ನನ್ನ ರೋಗಿಗಳಲ್ಲಿ ಒಬ್ಬರೂ ನಾನು ಮಾತಾಡುವಾಗ ಗಡಿಯಾರ ನೋಡಿದವರಲ್ಲ. ಹೀಗಾಗಿ ಸ್ವಲ್ಪ ಹೆಚ್ಚು ಕಡಿಮೆಯಾದರೆ ದಯವಿಟ್ಟು ಹೊಟ್ಟೆಗೆ ಹಾಕಿಕೊಳ್ಳಿ. ಮನೆಯಿಂದ ಹೊರಡುವಾಗ ನನ್ನ ಹೆಂಡತಿ ಒಂದೇ ಮಾತು ಹೇಳಿದಳು: "ಹೊಗಳೋದನ್ನ ಬೇರೆಯವರೂ ಹೊಗಳ್ತಾರೆ. ನೀವು ಹೇಳ್ಬೇಕಾಗಿರೋದನ್ನ ಹೇಳಿ ಬನ್ನಿ." ಆಕೆಯ ಮಾತು ಮೀರಿ ನನಗೆ ಅಭ್ಯಾಸವಿಲ್ಲ.

ಹೇಳಬೇಕಾದದ್ದು ಏನು? ಇಂದು ಸಂಜೆ ಐದು ಗಂಟೆಗೆ ಕಚೇರಿಯಲ್ಲಿ ಗಾಜಕ್ಕನ ಸೇವಾ ಪುಸ್ತಕಕ್ಕೆ ಕೊನೆಯ ಸಹಿ ಬೀಳುತ್ತದೆ. ಆ ಪುಸ್ತಕದಲ್ಲಿ, ಹತ್ತೊಂಬತ್ತು ವರ್ಷದ ಹಿಂದಿನ ಒಂದು ಪುಟದಲ್ಲಿ, ಇವರ ಬಗ್ಗೆ ಒಂದು ಸುಳ್ಳು ಬರೆದಿದೆ. ಅದನ್ನು ಯಾರ ಮಾತು ನಂಬಿ ಬರೆದರು ಎನ್ನುವುದು ಗೊತ್ತಿದ್ದವರಲ್ಲಿ ಹೆಚ್ಚಿನವರು ಈಗಿಲ್ಲ. ನಾನಿದ್ದೇನೆ. ಸಹಿ ಬೀಳುವ ಮೊದಲು ಅದನ್ನು ಸರಿಪಡಿಸಬೇಕು ಎಂದೇ ಬಂದಿದ್ದೇನೆ. ಆದರೆ ಮೊದಲು ಹೊಗಳಿಯೇ ತೀರುತ್ತೇನೆ, ಏಕೆಂದರೆ ಈ ಹೆಂಗಸು ಎಂಥವರು ಎಂದು ತಿಳಿಯದಿದ್ದರೆ ಆ ಸುಳ್ಳು ಎಷ್ಟು ದೊಡ್ಡದು ಎಂದೂ ತಿಳಿಯುವುದಿಲ್ಲ.

ಇವರ ಕೆಲಸವನ್ನು ನೀವು ನೋಡಬೇಕಿತ್ತು. ಮಧ್ಯಾಹ್ನ ಹನ್ನೆರಡಾಯಿತೆಂದರೆ ಪ್ರಯೋಗಾಲಯದ ಮುಂದಿನ ಓಣಿಯಲ್ಲಿ ಹತ್ತು ಹದಿನೈದು ಮಕ್ಕಳು ಕೈಯಲ್ಲಿ ಖಾಲಿ ಸೀಸೆ ಹಿಡಿದು ಕುಪ್ಪಳಿಸುತ್ತಿದ್ದವು. ಒಂದು, ಎರಡು, ಮೂರು ಎಂದು ಗಾಜಕ್ಕ ಎಣಿಸುತ್ತಿದ್ದರು. ಮೂವತ್ತು ಸಲ ಕುಪ್ಪಳಿಸಿದ ಮೇಲೆಯೇ ಸೀಸೆ ತುಂಬಿಸಲು ಬಿಡುತ್ತಿದ್ದರು. ಹೊಸದಾಗಿ ಬಂದ ನರ್ಸೊಬ್ಬಳು ಇದೇನು ಆಸ್ಪತ್ರೆಯೋ ಆಟದ ಬಯಲೋ ಎಂದು ದಂಗಾಗಿ ನಿಂತದ್ದನ್ನು ನಾನೇ ಕಂಡಿದ್ದೇನೆ. ಮೂತ್ರಕೋಶದ ಗೋಡೆಗೆ ಅಂಟಿಕೊಂಡ ಹುಳದ ಮೊಟ್ಟೆಗಳು ಮೈ ಕುಲುಕಿದಾಗ ಸಡಿಲವಾಗುತ್ತವೆ, ಹೊರಬೀಳುವುದೂ ನಡುಹಗಲಲ್ಲೇ ಹೆಚ್ಚು. ಇದು ಎಲ್ಲ ಪುಸ್ತಕಗಳಲ್ಲಿ ಇದೆ. ಆದರೆ ಪುಸ್ತಕ ಓದಿದ ನಾವು ಬೆಳಿಗ್ಗೆ ಒಂಬತ್ತಕ್ಕೇ ಸೀಸೆ ತುಂಬಿಸಿಕೊಂಡು ಹನ್ನೆರಡಕ್ಕೆ ಊಟಕ್ಕೆ ಏಳುವವರು. ಇವರು ಮಾತ್ರ ಮೂವತ್ತನಾಲ್ಕು ವರ್ಷ ಊಟವನ್ನು ಎರಡೂವರೆಗೆ ಮಾಡಿದರು.

ಆ ಹುಳದ ಬಗ್ಗೆ ಎರಡು ಮಾತು. ಹೆದರಬೇಡಿ, ಊಟದ ಹೊತ್ತಾಗಿಲ್ಲ. ಅದರ ಮೊಟ್ಟೆ ಮೂತ್ರದ ಜೊತೆ ನೀರಿಗೆ ಬೀಳುತ್ತದೆ. ಒಡೆದು ಮರಿಯಾಗಿ ಬಸವನಹುಳುವಿನ ಹೊಟ್ಟೆ ಸೇರುತ್ತದೆ. ಅಲ್ಲಿ ಒಂದಿದ್ದದ್ದು ಸಾವಿರವಾಗಿ ಮತ್ತೆ ನೀರಿಗೆ ಬಂದು, ಆ ನೀರಿನಲ್ಲಿ ನಿಂತವರ ಚರ್ಮ ತೂರಿ ಒಳಗೆ ಹೋಗುತ್ತದೆ. ರಕ್ತನಾಳದಲ್ಲಿ ಗಂಡು ಹೆಣ್ಣು ಸಂಸಾರ ಹೂಡುತ್ತವೆ. ಎಂಥ ಸಂಸಾರ ಅಂತೀರಿ? ಗಂಡಿನ ಮೈಯಲ್ಲಿ ಉದ್ದಕ್ಕೂ ಒಂದು ಮಡಿಕೆ ಇರುತ್ತದೆ, ಹೆಣ್ಣು ವರ್ಷಗಟ್ಟಲೆ ಅದರೊಳಗೇ ಮಲಗಿರುತ್ತದೆ. ಇದನ್ನು ನಾನು ಮದುವೆಯಾದ ಹೊಸದರಲ್ಲಿ ಹೆಂಡತಿಗೆ ವಿವರಿಸಿದಾಗ ಆಕೆ, "ಹುಳಾನೇ ವಾಸಿ, ಹೊತ್ಕೊಂಡಾದ್ರೂ ತಿರುಗುತ್ತೆ" ಎಂದಳು. ಆ ಸಂಸಾರದ ಮೊಟ್ಟೆಗಳು ಮಗುವಿನ ಮೂತ್ರಕೋಶವನ್ನು ಚುಚ್ಚಿ ರಕ್ತ ಬರಿಸುತ್ತವೆ. ಇಷ್ಟೇ ಕಥೆ.

ಅಲ್ಲ, ಇಷ್ಟೇ ಅಲ್ಲ. ಮನುಷ್ಯರಿಗೆ ಒಂದು ಹುಳ, ದನಗಳಿಗೆ ಇನ್ನೊಂದು ಹುಳ. ಎರಡೂ ದಾಯಾದಿಗಳು. ಮನುಷ್ಯರದರ ಮೊಟ್ಟೆ ಅಂಡಾಕಾರ, ಒಂದು ತುದಿಗೆ ಸಣ್ಣ ಮುಳ್ಳು. ದನದ್ದು ಉದ್ದ, ನೂಲು ಸುತ್ತಿದ ಕದಿರಿನ ಹಾಗೆ, ಅದು ಬೀಳುವುದು ಸೆಗಣಿಯಲ್ಲಿ. ಮನುಷ್ಯರದು ಮನುಷ್ಯರಲ್ಲಿ, ದನದ್ದು ದನದಲ್ಲಿ. ಹಾಗೆಂದು ನಾವು ಓದಿದ್ದೆವು, ಹಾಗೆಯೇ ಬದುಕಿದ್ದೆವು. ಈ ಕಟ್ಟಡವನ್ನೇ ನೋಡಿ. ಆಗ ಈ ಪಕ್ಕ ಜನರ ಆಸ್ಪತ್ರೆ, ಆ ಪಕ್ಕ ದನದ ಆಸ್ಪತ್ರೆ, ನಡುವೆ ಒಂದು ಗೋಡೆ. ಎರಡು ಕಡೆಯವರಿಗೂ ಸೇರಿದ್ದು ಹಿತ್ತಲಿನ ತೊಳೆಯುವ ಕೋಣೆ ಒಂದೇ. ನಮ್ಮ ಸೆಗಣಿಯ ಸೀಸೆ, ಅವರ ಮೂತ್ರದ ಸೀಸೆ, ಎಲ್ಲವನ್ನೂ ಅಲ್ಲೇ ತೊಳೆದು ಕುದಿಸುತ್ತಿದ್ದರು. ಈ ಕೋಣೆಯನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಹತ್ತೊಂಬತ್ತು ವರ್ಷದ ಹಿಂದೆ ಒಂದು ದಿನ ಗಾಜಕ್ಕ ಆ ಗೋಡೆ ಬಳಸಿಕೊಂಡು ನನ್ನ ಕೋಣೆಗೆ ಬಂದರು. ಅಂಗೈಯಲ್ಲಿ ಒಂದು ಗಾಜಿನ ಪಟ್ಟಿ.

"ಡಾಕ್ಟ್ರೇ, ಒಂದ್ನಿಮಿಷ ಇದನ್ನ ನೋಡಿ. ಇದು ನಿಮ್ಮದಾ, ನಮ್ಮದಾ?"

"ಮಗೂ ಮೂತ್ರದಲ್ಲಿ ಬಂದಿದೆ ಅಂದ್ಮೇಲೆ ನಿಮ್ಮದೇ ಅಲ್ವೇನಮ್ಮಾ?"

"ನಮ್ಮದು ಇಷ್ಟುದ್ದ ಇರಲ್ಲ."

ನಾನು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟೆ. "ನಮ್ಮದು ಇಷ್ಟು ಗಿಡ್ಡ ಇರಲ್ಲ."

"ಹಾಗಾದ್ರೆ ಯಾರದು?"

"ಯಾರದೂ ಅಲ್ಲ ಅಂತ ಬರ್ಕೊಳ್ಳಿ."

"ಯಾರದೂ ಅಲ್ಲದ್ದು ಮಗೂ ಹೊಟ್ಟೇಲಿ ಹ್ಯಾಗಿರುತ್ತೆ ಡಾಕ್ಟ್ರೇ?"

ಸಭಿಕರೇ, ನಾನು ಎಷ್ಟೋ ಸಮ್ಮೇಳನಗಳಿಗೆ ಹೋಗಿದ್ದೇನೆ. ದೊಡ್ಡ ದೊಡ್ಡವರ ಭಾಷಣ ಕೇಳಿದ್ದೇನೆ, ಕೆಲವುಗಳಲ್ಲಿ ನಿದ್ದೆಯನ್ನೂ ಮಾಡಿದ್ದೇನೆ. ಇದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ಎಲ್ಲೂ ಕೇಳಲಿಲ್ಲ. ಅವರ ರಿಜಿಸ್ಟರಿನಲ್ಲಿ ಇದ್ದದ್ದು ಎರಡೇ ಕಲಂ: ಮೊಟ್ಟೆ ಇದೆ, ಮೊಟ್ಟೆ ಇಲ್ಲ. ಇವರು ಸ್ಕೇಲಿಟ್ಟು ಪೆನ್ಸಿಲಿನಲ್ಲಿ ಮೂರನೆಯ ಕಲಂ ಎಳೆದರು. ಅದಕ್ಕೆ ತಲೆಬರಹ ಬರೆಯಲಿಲ್ಲ, ಏಕೆಂದರೆ ಹೆಸರು ಗೊತ್ತಿರಲಿಲ್ಲ. ಗೊತ್ತಿಲ್ಲದ್ದಕ್ಕೆ ಹೆಸರಿಡದೆ ಜಾಗ ಮಾತ್ರ ಬಿಡುವುದು ನಮ್ಮಲ್ಲಿ ಎಷ್ಟು ಜನಕ್ಕೆ ಬರುತ್ತದೆ?

ಇನ್ನು ಆ ಮೂರನೆಯ ಕಲಮಿಗೆ ಬಿದ್ದ ಮಕ್ಕಳು. ಅವರೆಲ್ಲ ಈಜುತ್ತಿದ್ದದ್ದು ಒಂದೇ ಕೊಳದಲ್ಲಿ. ಆ ಕೊಳ ಕಟ್ಟಿಸಿದ್ದು ನಾನು. ಕೊಚ್ಚಿಕೊಳ್ಳುತ್ತಿದ್ದೇನೆ ಅಂದುಕೊಳ್ಳಬೇಡಿ. ಅಥವಾ ಅಂದುಕೊಳ್ಳಿ, ಪರವಾಗಿಲ್ಲ. ನಮ್ಮ ತಂದೆ ಬೇರೆಯವರ ದನ ಕಾಯುತ್ತಿದ್ದವರು. ಬೇಸಿಗೆಯಲ್ಲಿ ನೀರು ಕುಡಿಸಲು ದನಗಳನ್ನು ಒಂದು ಗಂಟೆ ದೂರ ನಡೆಸುತ್ತಿದ್ದರು. ನಾನು ಕೆಲಸಕ್ಕೆ ಸೇರಿ, ಆರು ವರ್ಷ ಕಚೇರಿಗಳ ಮೆಟ್ಟಿಲು ಸವೆಸಿ ಆ ಕೊಳ ಮಂಜೂರು ಮಾಡಿಸಿದೆ. ಒಂದು ಬದಿಗೆ ಕಲ್ಲಿನ ಮೆಟ್ಟಿಲು, ಇನ್ನೊಂದು ಬದಿಗೆ ದನಗಳು ನಡೆದು ಇಳಿಯಲು ಇಳಿಜಾರು. ಉದ್ಘಾಟನೆಯ ದಿನ ನಮ್ಮ ತಂದೆ ನೀರಿನಲ್ಲಿ ಮೊಣಕಾಲುದ್ದ ನಿಂತು ಅತ್ತರು. ಎಲ್ಲರಿಗೂ ಒಂದೇ ನೀರು ಎಂದು ಅವತ್ತು ಭಾಷಣ ಬಿಗಿದವನು ನಾನೇ. ಹುಳಗಳೂ ಕಿವಿಗೊಟ್ಟು ಕೇಳಿರಬೇಕು.

ಗಾಜಕ್ಕ ಕಲಂ ಎಳೆದ ಆ ವರ್ಷ ಮಕ್ಕಳಿಗೆ ಮಾತ್ರೆ ಕೊಟ್ಟರೂ ಮೂರು ತಿಂಗಳಿಗೆ ಮತ್ತೆ ರಕ್ತ ಕಾಣುತ್ತಿತ್ತು. ಮಾತ್ರೆಯನ್ನು ತಾಯಂದಿರ ಕೈಗೆ ಕೊಟ್ಟು ಮನೆಯಲ್ಲಿ ನುಂಗಿಸಿ ಎಂದು ಕಳುಹಿಸುವುದು ಆಗಿನ ಪದ್ಧತಿ. ಮತ್ತೆ ರಕ್ತ ಬಂತೆಂದರೆ ಏನರ್ಥ? ಹಿರಿಯ ಡಾಕ್ಟರು, ಈಗಿಲ್ಲ, ಒಳ್ಳೆಯ ಮನುಷ್ಯರು, ಮಗುವಿನ ಕಾರ್ಡಿನ ಮೇಲೆ ಕೆಂಪು ಶಾಯಿಯಲ್ಲಿ ಬರೆದುಬಿಡುತ್ತಿದ್ದರು: ತಾಯಿ ಮಾತ್ರೆ ಕೊಟ್ಟಿಲ್ಲ. ಒಬ್ಬ ಹೊಲಿಗೆಯಾಕೆ ಇದ್ದರು. ಮಗಳಿಗೆ ಮೂರನೆಯ ಸಲ ರಕ್ತ ಬಂದಾಗ, ಮಾತ್ರೆ ತೆಗೆದ ಖಾಲಿ ಹಾಳೆಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದು ಮೇಜಿನ ಮೇಲೆ ಬಿಚ್ಚಿದರು. "ಮಾತ್ರೆ ಬೀದಿಗೆ ಎಸ್ದು ಹಾಳೆ ತಂದ್ರೆ ಆಗ್ಹೋಯ್ತಾ?" ಎಂದರು ಡಾಕ್ಟರು. ಆಕೆ ಹಾಳೆಗಳನ್ನು ಒಂದೊಂದಾಗಿ ಮತ್ತೆ ಕಟ್ಟಿಕೊಂಡು ಹೋದರು. ಎರಡು ವರ್ಷ ಈ ಆಸ್ಪತ್ರೆಯ ಮೆಟ್ಟಿಲು ಹತ್ತಲಿಲ್ಲ. ಆ ಎರಡು ವರ್ಷವೂ ಮಗಳಿಗೆ ರಕ್ತ ಹೋಗುತ್ತಲೇ ಇತ್ತು.

ಗಾಜಕ್ಕ ಮಾತ್ರ ಆ ತಾಯಂದಿರನ್ನು ನಂಬಿದರು. ನಂಬಿ ಸುಮ್ಮನೆ ಕೂರಲಿಲ್ಲ. ಮಕ್ಕಳನ್ನು ಕರೆಸಿ ತಮ್ಮ ಕಣ್ಣೆದುರೇ ನುಂಗಿಸಿ, ನಾಲಿಗೆ ಎತ್ತಿಸಿ ನೋಡಿ, ಮೂರು ತಿಂಗಳು ಕಾದು ಮತ್ತೆ ಕುಪ್ಪಳಿಸಿದರು. ಕುಪ್ಪಳಿಸಿದ್ದು ಮಕ್ಕಳು, ಎಣಿಸಿದ್ದು ಇವರು. ಮತ್ತೆ ಅದೇ ನಡುವಿನ ಮೊಟ್ಟೆ. ಮಕ್ಕಳು ಮಾತ್ರೆ ನುಂಗಿ ಗುಣವಾಗಿ, ವಾಪಸ್ಸು ಕೊಳಕ್ಕೆ ಹಾರುತ್ತಿದ್ದರು. ಕೊಳದಲ್ಲಿ ಹುಳ ತುಂಬಿಸುತ್ತಿದ್ದದ್ದು ಮಕ್ಕಳಷ್ಟೇ ಅಲ್ಲ, ದನಗಳೂ ಹೌದು. ಎರಡು ದಾಯಾದಿ ಹುಳಗಳು ಒಂದೇ ಮೈಯಲ್ಲಿ ಸಂಧಿಸಿ ಕೂಡಿ ಹೊಸ ಸಂತಾನ ಹುಟ್ಟಿಸಿವೆ ಎಂದು ಇವರು ಊಹಿಸಿದರು. ಬೇರೆ ಬೇರೆ ಎಂದು ನಾವು ಬರೆದಿಟ್ಟ ಪುಸ್ತಕವನ್ನು ಹುಳಗಳು ಓದಿರಲಿಲ್ಲ.

ನಾನು ಏನು ಊಹಿಸಿದೆ? ನಿಜ ಹೇಳಬೇಕೆಂದರೆ ನನಗೂ ಅದೇ ಅನ್ನಿಸಿತ್ತು. ಆ ಬೇಸಿಗೆ ನಮ್ಮ ಮಗಳಿಗೆ ಎಂಟು ವರ್ಷ, ಗೆಳತಿಯರೆಲ್ಲ ಕೊಳದಲ್ಲೇ ಬಿದ್ದಿರುತ್ತಿದ್ದರು. ಇವಳನ್ನು ಈ ವರ್ಷ ಕಳಿಸ್ಬೇಡ, ಯಾರಾದ್ರೂ ಕೇಳಿದ್ರೆ ನೆಗಡಿ ಅನ್ನು ಎಂದು ಹೆಂಡತಿಗೆ ಹೇಳಿದ್ದೆ.

ಕ್ಷಮಿಸಿ. ಸ್ವಲ್ಪ ನೀರು.

ಇದನ್ನು ನಾನು ಬರೆದುಕೊಂಡು ಬಂದಿರಲಿಲ್ಲ. ಬಾಯಿಗೆ ಬಂದುಬಿಟ್ಟಿತು. ಬಂದದ್ದು ಬಂತು, ಹಾಗೇ ಇರಲಿ. ಹೌದು, ನನ್ನ ಮಗಳನ್ನು ನಾನು ಕೊಳಕ್ಕೆ ಬಿಡಲಿಲ್ಲ. ಬೇರೆ ಯಾರ ಮಕ್ಕಳನ್ನೂ ತಡೆಯಲಿಲ್ಲ.

ಅದಾದ ಮೇಲೆ ವಿಚಾರಣಾ ಸಮಿತಿ ಬಂತು. ರಿಜಿಸ್ಟರಿನಲ್ಲಿ ಮಂಜೂರಾಗದ ಕಲಂ ಎಳೆದದ್ದು ಏಕೆ ಎಂದು ಗಾಜಕ್ಕನನ್ನು ಕೇಳಿದರು. ಇವರು ಮೊಟ್ಟೆಗಳ ಅಳತೆಯನ್ನು ಮುಂದಿಟ್ಟು, ದನದ ಹುಳ ಸೇರಿಕೊಂಡಿರಬೇಕು, ಕೊಳ ನೋಡಬೇಕು ಎಂದರು. ಸಮಿತಿಯವರು ನನ್ನ ಕಡೆ ತಿರುಗಿದರು. "ನೀವು ದನದ ಡಾಕ್ಟ್ರು. ಹೀಗೂ ಆಗುತ್ತಾ?" ಹತ್ತೊಂಬತ್ತು ವರ್ಷವಾದರೂ ನನ್ನ ಉತ್ತರ ನನಗೆ ಬಾಯಿಪಾಠ. "ಸಾಧ್ಯವೇ ಇಲ್ಲ. ನಮ್ಮ ಸೆಗಣಿ ಸೀಸೆ ಸರಿಯಾಗಿ ತೊಳೀದೆ ಇವರ ಕಡೆ ಹೋಗಿದೆ, ಅಷ್ಟೇ." ತೊಳೆಯುವ ಕೋಣೆ ಒಂದೇ ಇತ್ತಲ್ಲ, ಎಲ್ಲರೂ ನಂಬಿದರು. ನಡುವಿನ ಅಳತೆಯ ಮೊಟ್ಟೆ ನಮ್ಮ ಸೆಗಣಿಯಲ್ಲಿ ಎಲ್ಲಿಂದ ಬರಬೇಕು ಎಂದು ಒಬ್ಬರೂ ಕೇಳಲಿಲ್ಲ. ನನ್ನ ಕೊಳ ಉಳಿಯಿತು. ಇವರ ಸೇವಾ ಪುಸ್ತಕದಲ್ಲಿ "ಕರ್ತವ್ಯದಲ್ಲಿ ಅಜಾಗರೂಕತೆ, ಮಾದರಿಗಳನ್ನು ಕೆಡಿಸಿದ್ದಾರೆ" ಎಂದು ಬರೆದು, ಸೂಕ್ಷ್ಮದರ್ಶಕದಿಂದ ಎಬ್ಬಿಸಿ, ಅದೇ ತೊಳೆಯುವ ಕೋಣೆಗೆ ಹಾಕಿದರು.

ಗಾಜಕ್ಕ ಎಂಬ ಹೆಸರು ಹೇಗೆ ಬಂತು ಎಂದು ಹೊಸಬರು ಕೇಳುತ್ತಿರುತ್ತೀರಿ. ಹೀಗೆ ಬಂತು. ಒಂದೂವರೆ ವರ್ಷ ಗಾಜು ತೊಳೆದರು, ಅದಕ್ಕೆ ಬಂತು. ಮೊದಲು ಅಣಕಿಸಲು ಕರೆದರು, ಆಮೇಲೆ ಅದು ಪ್ರೀತಿಯಾಯಿತು. ಇವರು ಎರಡಕ್ಕೂ ಒಂದೇ ರೀತಿ "ಏನು?" ಅಂದರು.

ಈಗ ಬರುವುದನ್ನು ದಯವಿಟ್ಟು ಗಮನವಿಟ್ಟು ಕೇಳಿ, ನನ್ನ ಜೀವನದಲ್ಲಿ ನಾನು ಕಂಡ ದೊಡ್ಡ ಕೆಲಸ ಇದು. ಸೀಸೆ ಕೊಳಕು ಎಂದು ತಾನೇ ಆರೋಪ? ಈಗ ಸೀಸೆ ತೊಳೆಯುವವರು ಇವರೇ. ಪ್ರತಿ ದಿನ ತೊಳೆದು ಕುದಿಸಿದ ಸೀಸೆಗಳಲ್ಲಿ ಕಣ್ಣುಮುಚ್ಚಿ ಒಂದನ್ನು ಆರಿಸಿ, ಅದಕ್ಕೆ ಶುದ್ಧ ನೀರು ಹಾಕಿ ಕುಲುಕಿ, ಮೂತ್ರ ಸೋಸುವ ಹಾಗೆಯೇ ಸೋಸಿ, ಗಾಜಿನ ಪಟ್ಟಿಯ ಮೇಲಿಟ್ಟು ನೋಡುತ್ತಿದ್ದರು. ನೋಡಲು ಸೂಕ್ಷ್ಮದರ್ಶಕ ಬೇಕಲ್ಲ. ನನ್ನ ಬಳಿಯೇ ಬಂದರು. "ನಿಮ್ಮಲ್ಲಿ ಕನ್ನಡಿ ಒಡ್ದಿರೋದು ಒಂದು ಮೂಲೇಲಿ ಬಿದ್ದಿದ್ಯಲ್ಲ ಡಾಕ್ಟ್ರೇ, ಕೊಡ್ತೀರಾ?" ಕೊಟ್ಟೆ. ಏಕೆ ಎಂದು ಕೇಳಲು ಧೈರ್ಯವಾಗಲಿಲ್ಲ. ಬೆಳಕು ಮೇಲಕ್ಕೆ ಹಾಯಿಸುವ ಆ ಒಡೆದ ಕನ್ನಡಿಯ ಜಾಗಕ್ಕೆ ತಮ್ಮ ಕೈಚೀಲದ ಪುಟ್ಟ ಕನ್ನಡಿ ಕಟ್ಟಿ, ಕಿಟಕಿಯ ಬೆಳಕಿನಲ್ಲಿ, ಹಬೆಯಾಡುವ ಆ ಕೋಣೆಯಲ್ಲಿ, ಏನೂ ಇಲ್ಲದ ಗಾಜನ್ನು ದಿನಾ ನೋಡಿದರು. ಇದ್ದದ್ದನ್ನು ನೋಡಲು ಕಣ್ಣಿದ್ದರೆ ಸಾಕು. ಇಲ್ಲದ್ದನ್ನು ಹದಿನಾಲ್ಕು ತಿಂಗಳು ನೋಡಲು ಏನು ಬೇಕು? ನನಗೆ ಗೊತ್ತಿಲ್ಲ. ನನ್ನಲ್ಲಿ ಅದಿಲ್ಲ.

ಅತ್ತ ಇವರ ಜಾಗಕ್ಕೆ ಬಂದ ತಂತ್ರಜ್ಞರಿಗೂ ನಡುವಿನ ಮೊಟ್ಟೆಗಳು ಕಾಣುತ್ತಲೇ ಇದ್ದವು. ಒಂದು ದಿನ ಅವರು ಗುಟ್ಟಾಗಿ ತೊಳೆಯುವ ಕೋಣೆಗೆ ಬಂದು, "ಅಕ್ಕಾ, ಇದನ್ನ ಎಲ್ಲಿ ಬರೀಲಿ?" ಎಂದು ಕೇಳಿದರಂತೆ. ಆ ಸಂಜೆ ಗಾಜಕ್ಕ ಒಂದು ಮರದ ಪೆಟ್ಟಿಗೆ ತಂದು ನನ್ನ ಮೇಜಿನ ಮೇಲಿಟ್ಟರು. ಒಳಗೆ ತಾರೀಖು ಬರೆದ ಗಾಜಿನ ಪಟ್ಟಿಗಳು.

"ಮುನ್ನೂರ ಮೂವತ್ತೆಂಟು ಸೀಸೆ ಡಾಕ್ಟ್ರೇ. ಒಂದ್ರಲ್ಲೂ ಏನೂ ಇಲ್ಲ. ಇನ್ನೇನು ತೊಳೀಲಿ ಹೇಳಿ."

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ಕೇಳುತ್ತಿದ್ದರು.

ಆಮೇಲೆ ನಾನು ಮಕ್ಕಳ ಮೊಟ್ಟೆ, ದನದ ಹುಳ ಎರಡನ್ನೂ ದೂರದ ದೊಡ್ಡ ಪ್ರಯೋಗಾಲಯಕ್ಕೆ ಕಳುಹಿಸಿದೆ. ನಾಲ್ಕು ತಿಂಗಳಿಗೆ ಉತ್ತರ ಬಂತು. ಆ ಹುಳ ಒಂದು ಪಾಲು ಮನುಷ್ಯರದು, ಒಂದು ಪಾಲು ದನದ್ದು. ಗಾಜಕ್ಕ ಪೆನ್ಸಿಲಿನಲ್ಲಿ ಎಳೆದ ಕಲಮಿಗೆ ಕೊನೆಗೂ ಹೆಸರು ಸಿಕ್ಕಿತು. ಮಕ್ಕಳ ಜೊತೆ ದನಗಳಿಗೂ ಔಷಧಿ ಕೊಟ್ಟೆವು, ಇಳಿಜಾರಿಗೆ ಬೇಲಿ ಹಾಕಿ ದನಗಳಿಗೆ ಹೊರಗೆ ತೊಟ್ಟಿ ಕಟ್ಟಿದೆವು, ಮಕ್ಕಳಿಗೆ ಬೇರೆ ನೀರು ತಂದೆವು. ಮೂರು ವರ್ಷದಲ್ಲಿ ಓಣಿಯಲ್ಲಿ ಕುಪ್ಪಳಿಸುವ ಮಕ್ಕಳಲ್ಲಿ ಹತ್ತಕ್ಕೆ ಒಬ್ಬರಲ್ಲೂ ಮೊಟ್ಟೆ ಸಿಗದ ಹಾಗಾಯಿತು. ಇವರನ್ನು ಸೂಕ್ಷ್ಮದರ್ಶಕಕ್ಕೆ ವಾಪಸ್ಸು ಕೂರಿಸಿದರು. ಆದರೆ ಪುಸ್ತಕದ ಸಾಲನ್ನು ಯಾರೂ ಮುಟ್ಟಲಿಲ್ಲ. ಇದರ ಬಗ್ಗೆ ಒಂದು ಪ್ರಬಂಧ ಅಚ್ಚಾಯಿತು. ಮೊದಲ ಹೆಸರು ನನ್ನದು. ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿ "ಗಾಜಿನ ಸಾಮಾನು ತೊಳೆದ ಸಿಬ್ಬಂದಿಗೂ ವಂದನೆಗಳು" ಎಂದಿದೆ. ಆ ವಾಕ್ಯ ಬರೆದಾಗ ನಾನು ದೊಡ್ಡ ಮನಸ್ಸು ಮಾಡಿದೆ ಎಂದುಕೊಂಡಿದ್ದೆ.

ಇದಿಷ್ಟನ್ನೂ ಒಂದು ಪತ್ರದಲ್ಲಿ ಬರೆದು, ಸಮಿತಿಯ ಮುಂದೆ ನಾನು ಹೇಳಿದ್ದು ಸುಳ್ಳು, ಗೊತ್ತಿದ್ದೂ ಹೇಳಿದ ಸುಳ್ಳು ಎಂದು ಸಹಿ ಹಾಕಿ, ನಿನ್ನೆ ಗಾಜಕ್ಕನ ಮನೆಗೆ ತೆಗೆದುಕೊಂಡು ಹೋದೆ. ಇವರು ಕನ್ನಡಕ ಹಾಕಿಕೊಂಡು, ಗಾಜಿನ ಪಟ್ಟಿ ನೋಡುವ ಹಾಗೆ, ಎಡದಿಂದ ಬಲಕ್ಕೆ ನಿಧಾನವಾಗಿ ಓದಿದರು. ಹೊಗಳಿಕೆ ಇದ್ದ ಕಡೆ ನಿಲ್ಲಲಿಲ್ಲ. ಒಂದು ಕಡೆ ಬೆರಳಿಟ್ಟರು.

"ಇಲ್ಲಿ 'ಸುಮಾರು ನೂರು ಮಕ್ಕಳು' ಅಂತ ಬರ್ದಿದ್ದೀರಿ."

"ಹೌದಮ್ಮಾ, ಹೆಚ್ಚು ಕಡಿಮೆ ಅಷ್ಟೇ ಇದ್ರಲ್ಲ."

"ನೂರಾ ಹದಿನೇಳು. ಸುಮಾರು ಅಂದ್ಬಿಟ್ರೆ ಆ ಹದಿನೇಳು ಮಕ್ಕಳು ಯಾರವು ಡಾಕ್ಟ್ರೇ?"

ತಿದ್ದಿದೆ. ಸಹಿ ಹಾಕಿದೆ. ಕೊಟ್ಟೆ. ಇವರು ಪತ್ರವನ್ನು ಮಡಿಸಿ ನನಗೇ ವಾಪಸ್ಸು ಕೊಟ್ಟರು.

"ನನ್ನ ಪುಸ್ತಕದ ಮಾತು ಬಿಡಿ. ನಾಳೆ ಮುಚ್ಚೋ ಪುಸ್ತಕ ಅದು. ಆ ನೂರಾ ಹದಿನೇಳು ಕಾರ್ಡ್ ಇನ್ನೂ ಕಪಾಟಲ್ಲಿದಾವೆ. ಎಲ್ಲದರ ಮೇಲೂ ತಾಯಿ ಮಾತ್ರೆ ಕೊಟ್ಟಿಲ್ಲ ಅಂತಿದೆ. ನಾಳೆ ಸಭೆಗೆ ಆ ತಾಯಂದಿರನ್ನೆಲ್ಲ ಕರೆದಿದ್ದೀನಿ. ಅವರಿಗೆ ನಾಲ್ಕು ಜನರ ಮುಂದೆ ಅಂದಿದ್ದು, ನಾಲ್ಕು ಜನರ ಮುಂದೇನೇ ಹೇಳಿ."

ಮಾನ್ಯ ಅಧ್ಯಕ್ಷರೇ, ಪತ್ರ ಇಲ್ಲಿದೆ. ಐದು ಗಂಟೆಗೆ ಇನ್ನೂ ನಲವತ್ತು ನಿಮಿಷವಿದೆ, ಇದನ್ನು ಓದಿದ ಮೇಲೆ ಆ ಪುಸ್ತಕಕ್ಕೆ ಸಹಿ ಹಾಕಿ ಎಂದು ಕೈಮುಗಿದು ಕೇಳುತ್ತೇನೆ. ಆ ಕಪಾಟಿನ ಕೀಲಿಯನ್ನೂ ಕೊಡಿಸಿ. ನೂರಾ ಹದಿನೇಳು ಕಾರ್ಡುಗಳನ್ನೂ ನನ್ನ ಕೈಯಾರೆ ತಿದ್ದುತ್ತೇನೆ, ಎಷ್ಟು ದಿನ ಹಿಡಿದರೂ ಸರಿ. ಇಷ್ಟು ಹೊತ್ತು ತಾಳ್ಮೆಯಿಂದ ಕೇಳಿದ ನಿಮಗೆಲ್ಲ, ಮಾತು ತಡೆಯದೆ ಬಿಟ್ಟ ಸಂಘಟಕರಿಗೆ ನನ್ನ ವಂದನೆಗಳು. ಗಾಜಕ್ಕನಿಗೆ ವಂದನೆ ಹೇಳುವ ಯೋಗ್ಯತೆ ನನಗೆ ಇನ್ನೂ ಬಂದಿಲ್ಲ, ಅದನ್ನು ನೀವು ಹೇಳಿ.

ಕೊನೆಯ ಮಾತು ಹಿಂದಿನ ಸಾಲಿನವರಿಗೆ. ತಾಯಂದಿರೇ, ನಾಲ್ಕನೆಯ ಸಾಲಿನ ತುದಿಯಲ್ಲಿ ಕುಳಿತಿರುವ ಹೊಲಿಗೆಯ ಅಮ್ಮಾ, ನಿಮ್ಮ ಕೈಯಲ್ಲಿ ತಪ್ಪಿರಲಿಲ್ಲ. ತಪ್ಪು ನೀರಿನಲ್ಲಿತ್ತು, ಅದು ನನಗೆ ಗೊತ್ತಿತ್ತು. ನೀವು ಮಾತ್ರೆ ಕೊಟ್ಟಿದ್ದಿರಿ. ಎಲ್ಲರೂ ಕೊಟ್ಟಿದ್ದಿರಿ.

ನಮಸ್ಕಾರ.